ಮನೆಯಲ್ಲಿ ವಿಮಾನ ಕಟ್ಟುವುದಾದರೆ ಯಾವುದನ್ನು ಕಟ್ಟಬೇಕು, ಯಾರ ಜೊತೆ ಕಟ್ಟಬೇಕು?

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನ ಒಳಗೆ ನಾನು ಮತ್ತು ನನ್ನ ಹಾಗೇ ವಿಮಾನ ಕಟ್ಟುವ ಒಬ್ಬ ಹಿರಿಯರು, ಇಬ್ಬರೇ. ರೆಕ್ಕೆಯ ಆಚೆ ಕಡೆ ಅವರು ರಿವೆಟ್, ಅಂದರೆ ತಗಡುಗಳನ್ನು ಜೋಡಿಸುವ ಮೊಳೆ, ಹೊಡೆಯುವ ಗನ್ ಹಿಡಿದು ನಿಂತಿದ್ದಾರೆ. ಈಚೆ ಕಡೆ ನಾನು ಒಂದು ಉಕ್ಕಿನ ತುಂಡು ಹಿಡಿದು ಕೂತಿದ್ದೀನಿ. ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡದು, ಆದರೆ ಭಾರ. ಇದಕ್ಕೆ ಬಕಿಂಗ್ ಬಾರ್ ಅಂತ ಹೆಸರು. ರಿವೆಟ್‌ನ ಬಾಲಕ್ಕೆ ಅದನ್ನು ನೇರವಾಗಿ ಒತ್ತಿ ನಾನು "ರೆಡಿ" ಅನ್ನಬೇಕು. ಆಮೇಲೆ ಅವರು ಗನ್ ಒತ್ತುತ್ತಾರೆ. ಟರ್ರ್ ಅಂತ ಒಂದು ಸೆಕೆಂಡ್, ಅಷ್ಟೇ. ನನ್ನ ಕಡೆ ರಿವೆಟ್ ಬಾಲ ಚಪ್ಪಟೆಯಾಗಿ ಅಂಗಿ ಗುಂಡಿಯ ಹಾಗೆ ಕೂರುತ್ತೆ. ಅದರ ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧದಷ್ಟು ಇರಬೇಕು. ಗೇಜ್ ಇಟ್ಟು ನೋಡಿ "ಗುಡ್" ಅಂದರೆ ಮುಂದಿನ ರಿವೆಟ್. ಮಧ್ಯಾಹ್ನದ ಊಟದ ಹೊತ್ತಿಗೆ ಇಬ್ಬರ ಭುಜವೂ ಸೋತಿತ್ತು.

ಅದು ಅವರ ವಿಮಾನ. ಮುಂದಿನ ತಿಂಗಳು ಅವರು ನನ್ನ ಗರಾಜಿಗೆ ಬಂದರು.

ನಮ್ಮ ಮಲೆನಾಡಿನ ಕಡೆ ಇದಕ್ಕೆ ಮುಯ್ಯಾಳು ಅಂತಾರೆ. ಇವತ್ತು ನಾನು ನಿನ್ನ ಗದ್ದೆಗೆ ನಾಟಿಗೆ ಬರ್ತೀನಿ, ನಾಳೆ ನೀನು ನನ್ನ ಗದ್ದೆಗೆ ಬಾ. ಕೂಲಿ ಇಲ್ಲ, ಲೆಕ್ಕ ಇಲ್ಲ, ಆದರೆ ಯಾರೂ ಮರೆಯೋದಿಲ್ಲ. ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಸಣ್ಣ ಏರ್‌ಪೋರ್ಟ್‌ನಲ್ಲಿ ಅದೇ ಪದ್ಧತಿ ಸಿಗುತ್ತೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಇಲ್ಲಿನ ಕನ್ನಡ ಗೆಳೆಯರು ಆಗಾಗ ಕೇಳುತ್ತಾರೆ. ಯಾವ ವಿಮಾನ ಕಟ್ಟೋದು ಒಳ್ಳೇದು? ಸ್ಪೀಡ್ ಎಷ್ಟು? ಒಟ್ಟು ಎಷ್ಟಾಗುತ್ತೆ? ಕೇಳಬೇಕಾದ ಪ್ರಶ್ನೆಗಳೇ. ಆದರೆ ನಾನು ಅದಕ್ಕೂ ಮೊದಲು ಇನ್ನೊಂದು ಕೇಳ್ತೀನಿ: ನಿಮ್ಮ ಮನೆಯಿಂದ ಒಂದು ಗಂಟೆ ದಾರಿಯೊಳಗೆ ಬೇರೆಯವರು ಏನು ಕಟ್ಟುತ್ತಿದ್ದಾರೆ? ಅರ್ಧಕ್ಕೆ ನಿಂತ ವಿಮಾನಗಳನ್ನು ನಾನು ಬೇಕಾದಷ್ಟು ನೋಡಿದ್ದೀನಿ. ದುಡ್ಡು ಸಾಲದೆ ನಿಂತವು ಇವೆ. ಒಂಟಿಯಾಗಿ ಕೆಲಸ ಮಾಡಿ ಮಾಡಿ ಮನಸ್ಸು ಸೋತು ನಿಂತವು ಅದಕ್ಕಿಂತ ಜಾಸ್ತಿ. ಈ ಕೆಳಗಿನ ಹೋಲಿಕೆಯನ್ನು ಅದನ್ನು ಮನಸ್ಸಲ್ಲಿಟ್ಟುಕೊಂಡೇ ಬರೆದಿದ್ದೀನಿ.

ಮೊದಲು ಕಾನೂನಿನ ಎರಡು ಮಾತು. ಅಮೆರಿಕದಲ್ಲಿ ಹೋಂಬಿಲ್ಟ್ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಕಲಿಯೋದಕ್ಕೋ ಖುಷಿಗೋ ಮಾಡಿರಬೇಕು. 51 ಪರ್ಸೆಂಟ್ ರೂಲ್ ಅಂತ ಎಲ್ಲರೂ ಹೇಳೋದು ಇದನ್ನೇ. ಸಂಬಳ ಕೊಟ್ಟು ಮಾಡಿಸಿದ ಕೆಲಸ ಆ ಲೆಕ್ಕಕ್ಕೆ ಬರೋದಿಲ್ಲ. ಗೆಳೆಯರು ಪುಕ್ಕಟೆ ಬಂದು ಮಾಡಿಕೊಟ್ಟ ಕೆಲಸ ಬರುತ್ತೆ. ಮುಯ್ಯಾಳಿಗೆ ಸರ್ಕಾರವೇ ಬೆಲೆ ಕೊಟ್ಟ ಹಾಗಾಯ್ತು ಅಲ್ವಾ? ಇನ್ನೊಂದು, ಕಟ್ಟಿದವರಿಗೆ ಆ ವಿಮಾನದ ಮಟ್ಟಿಗೆ ರಿಪೇರ್‌ಮನ್ ಸರ್ಟಿಫಿಕೇಟ್ ಸಿಗುತ್ತೆ. ಅದಿದ್ದರೆ ವರ್ಷಕ್ಕೊಮ್ಮೆ ಆಗಬೇಕಾದ ಇನ್‌ಸ್ಪೆಕ್ಷನ್ ನೀವೇ ಮಾಡಿ ಸಹಿ ಹಾಕಬಹುದು. ಆದರೆ ಒಂದು ವಿಮಾನಕ್ಕೆ ಒಬ್ಬರಿಗೇ ಅದು. ಇಬ್ಬರು ಸೇರಿ ಕಟ್ಟುವವರು ಯಾರ ಹೆಸರಿಗೆ ಅಂತ ಮೊದಲ ದಿನವೇ ಮಾತಾಡಿಕೊಳ್ಳಬೇಕು.

ಗಟ್ಟಿ ರಿವೆಟ್ಟೋ, ಪುಲ್ ರಿವೆಟ್ಟೋ

ಇವತ್ತು ಅಲ್ಯೂಮಿನಿಯಂ ವಿಮಾನ ಕಟ್ಟುವವರ ಮುಂದೆ ದೊಡ್ಡದಾಗಿ ನಿಲ್ಲುವ ಹೆಸರುಗಳು ಎರಡು. ಓರೆಗಾನ್‌ನ ವ್ಯಾನ್ಸ್ ಏರ್‌ಕ್ರಾಫ್ಟ್ ಒಂದು, ಮಿಸ್ಸೂರಿಯ ಝೆನಿತ್ ಇನ್ನೊಂದು. ಇಬ್ಬರೂ ಕಿಟ್, ಅಂದರೆ ನಾವೇ ಜೋಡಿಸಿಕೊಳ್ಳಬೇಕಾದ ಬಿಡಿಭಾಗಗಳನ್ನು ಮಾರುತ್ತಾರೆ. ವ್ಯಾನ್ಸ್ ಕಂಪನಿಯನ್ನು ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1973ರಲ್ಲಿ ಶುರು ಮಾಡಿದರು. ಅವರ ಆರ್‌ವಿ ಸಾಲಿನ ವಿಮಾನಗಳು ಇಲ್ಲಿಯವರೆಗೆ 11,000ಕ್ಕೂ ಹೆಚ್ಚು ಹಾರಿವೆ. ಝೆನಿತ್ ವಿಮಾನಗಳನ್ನು ಡಿಸೈನ್ ಮಾಡಿದವರು ಕ್ರಿಸ್ ಹೈನ್ಟ್ಸ್.

ಎರಡೂ ತಗಡಿನ ವಿಮಾನಗಳೇ. ಆದರೆ ಕೆಲಸದ ರೀತಿ ಬೇರೆ ಬೇರೆ. ಆರ್‌ವಿ-7, ಆರ್‌ವಿ-9, ಆರ್‌ವಿ-14 ಇವುಗಳಲ್ಲಿ ಹೆಚ್ಚಿನವು ಗಟ್ಟಿ ರಿವೆಟ್‌ಗಳು. ಮೇಲೆ ಹೇಳಿದ ಗನ್ನು, ಬಾರು ಎಲ್ಲ ಇದಕ್ಕೇ. ಪ್ರತಿ ತೂತನ್ನೂ ಕೊರೆದು, ಅಂಚಿನ ಮುಳ್ಳು ಉಜ್ಜಿ ತೆಗೆದು, ರಿವೆಟ್ ತಲೆ ತಗಡಿನ ಮಟ್ಟಕ್ಕೆ ಕೂರಲಿ ಅಂತ ಡಿಂಪಲ್ ಒತ್ತಿ, ಆಮೇಲೆ ರಿವೆಟ್. ಅಲ್ಲಿಯವರೆಗೆ ತಗಡುಗಳು ಜರುಗದ ಹಾಗೆ ಕ್ಲೀಕೋ ಅನ್ನುವ ಸ್ಪ್ರಿಂಗ್ ಪಿನ್ನುಗಳು ಹಿಡಿದಿರುತ್ತವೆ. ಬೆಳ್ಳಿ ಬಣ್ಣದ್ದು 3/32 ಇಂಚಿನ ತೂತಿಗೆ, ತಾಮ್ರದ ಬಣ್ಣದ್ದು 1/8ಕ್ಕೆ. ರೆಕ್ಕೆಯ ಚರ್ಮದ ಮೇಲೆ ಸಾಲಾಗಿ ನೂರಾರು ಕ್ಲೀಕೋ ನಿಂತಾಗ ಮುಳ್ಳುಹಂದಿ ಮಲಗಿದ ಹಾಗೆ ಕಾಣುತ್ತೆ.

ಝೆನಿತ್‌ನಲ್ಲಿ ಬಹುತೇಕ ಪುಲ್ ರಿವೆಟ್. ಒಂದೇ ಕಡೆಯಿಂದ ತೂರಿಸಿ ಎಳೆದರೆ ಮುಗೀತು. ಆಚೆ ಕಡೆ ಯಾರೂ ಬೇಡ. ಒಬ್ಬರೇ ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಕೂತು ಕೆಲಸ ಮಾಡಬಹುದು. ಸದ್ದೂ ಕಡಿಮೆ. ಅಪಾರ್ಟ್‌ಮೆಂಟ್ ಪಕ್ಕದ ಗರಾಜಿನಲ್ಲಿ ಕಟ್ಟುವವರಿಗೆ ಇದು ಸಣ್ಣ ವಿಷಯ ಅಲ್ಲ. ವ್ಯಾನ್ಸ್‌ನ ಆರ್‌ವಿ-12 ಕೂಡ ಹೆಚ್ಚುಕಮ್ಮಿ ಇದೇ ರೀತಿಯದು.

ಹಾರಾಟದಲ್ಲೂ ಅಜಗಜಾಂತರ. ಆರ್‌ವಿ-14 ಗಂಟೆಗೆ ಸುಮಾರು 190 ಮೈಲಿ ವೇಗದಲ್ಲಿ ಹೋಗುತ್ತೆ. ಝೆನಿತ್ ಸಿಎಚ್ 750 ಸ್ಟೋಲ್ 100ರ ಆಸುಪಾಸು. ಆದರೆ ಆ ಝೆನಿತ್ ಒಂದು ಸಣ್ಣ ಹುಲ್ಲುಗಾವಲಿನಿಂದಲೂ ಏರುತ್ತೆ, ಅಷ್ಟೇ ಜಾಗದಲ್ಲಿ ಇಳಿಯುತ್ತೆ. ದೂರದ ಊರಲ್ಲಿರುವ ಮಗಳನ್ನು ನೋಡೋಕೆ ಹೋಗಬೇಕು ಅನ್ನುವವರಿಗೆ ಆರ್‌ವಿ. ಸಂಜೆ ಹೊಲಗಳ ಮೇಲೆ ನಿಧಾನವಾಗಿ ಹಾರಿ ಬರಬೇಕು ಅನ್ನುವವರಿಗೆ ಝೆನಿತ್. ನಿಮ್ಮ ಹತ್ತು ಹಾರಾಟದಲ್ಲಿ ಎಂಟು ಯಾವ ಥರದವು ಅಂತ ನಿಜವಾಗಿ ಯೋಚಿಸಿ. ವರ್ಷಕ್ಕೊಮ್ಮೆ ಹೋಗುವ ದೂರದ ಪ್ರವಾಸಕ್ಕೋಸ್ಕರ ವಿಮಾನ ಆರಿಸಬೇಡಿ.

ಸಮಯದ ಲೆಕ್ಕ: ಆರ್‌ವಿ-7 ಥರದ್ದಕ್ಕೆ 1,500ರಿಂದ 2,000 ಗಂಟೆ ಅಂತ ಕಟ್ಟಿದವರು ಹೇಳುತ್ತಾರೆ. ವಾರಕ್ಕೆ 10 ಗಂಟೆ ಸಿಕ್ಕರೆ ಮೂರು ನಾಲ್ಕು ವರ್ಷ. ಪುಲ್ ರಿವೆಟ್ ವಿಮಾನಗಳು ಹೆಚ್ಚುಕಮ್ಮಿ ಅದರ ಅರ್ಧ.

ಝೆನಿತ್‌ನವರು ಮಿಸ್ಸೂರಿಯ ಮೆಕ್ಸಿಕೋ ಅನ್ನುವ ಊರಿನಲ್ಲಿ ಎರಡು ದಿನದ ರಡ್ಡರ್ ವರ್ಕ್‌ಶಾಪ್ ನಡೆಸುತ್ತಾರೆ. ರಡ್ಡರ್ ಅಂದರೆ ಬಾಲದಲ್ಲಿ ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಭಾಗ. ಹೋದವರು ತಮ್ಮ ವಿಮಾನದ ರಡ್ಡರನ್ನು ತಾವೇ ಕಟ್ಟಿ ಮನೆಗೆ ತರುತ್ತಾರೆ. ಸುಮ್ನೆ ಓದಿಕೊಂಡು ಕೂರುವ ಬದಲು ಈ ಎರಡು ದಿನ ಕೊಡಿ. ಕೆಲಸ ನಿಮಗೆ ಹಿಡಿಸುತ್ತೋ ಇಲ್ಲವೋ ಗೊತ್ತಾಗುತ್ತೆ. ಆರ್‌ವಿ ಕಡೆ ಮನಸ್ಸಿದ್ದರೆ ಅಭ್ಯಾಸದ ಸಣ್ಣ ಕಿಟ್ ತರಿಸಿಕೊಳ್ಳಬಹುದು, ಆಮೇಲೆ ಬಾಲದ ಕಿಟ್ ಮಾತ್ರ.

ಫೋಮ್, ಗ್ಲಾಸ್, ಎಪಾಕ್ಸಿ

ನನ್ನ ಮನಸ್ಸು ಮೊದಲು ಹೋದದ್ದು ಲಾಂಗ್-ಈಝಿ ಮೇಲೆ. ಬರ್ಟ್ ರುಟಾನ್ ಡಿಸೈನ್. ಮೊದಲು ಹಾರಿದ್ದು 1979ರಲ್ಲಿ. ಸಣ್ಣ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ, ಪ್ರೊಪೆಲ್ಲರ್ ಬೆನ್ನಿಗೆ. ನಿಲ್ಲಿಸಿದಾಗ ಮುಂದಿನ ಚಕ್ರ ಮಡಚಿ, ಮೂಗು ನೆಲಕ್ಕೆ ಊರಿ ಕೂತಿರುತ್ತೆ, ನಮಸ್ಕಾರ ಮಾಡುವ ಹಾಗೆ. ಅದನ್ನು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಇದನ್ನು ಕಟ್ಟುವ ಬಗೆ ಬಹಳ ಸೊಗಸು. ಅಚ್ಚು ಬೇಕಿಲ್ಲ. ದೊಡ್ಡ ಫೋಮ್ ಗಟ್ಟಿಯ ಎರಡೂ ತುದಿಗೆ ರೆಕ್ಕೆಯ ಆಕಾರದ ಟೆಂಪ್ಲೇಟ್ ಮೊಳೆ ಹೊಡೆಯಬೇಕು. ಟೆಂಪ್ಲೇಟ್ ಅಂಚಿನ ಮೇಲೆ ನಂಬರುಗಳು ಇರುತ್ತವೆ. ಕಾದ ತಂತಿಯ ಒಂದು ತುದಿ ಒಬ್ಬರ ಕೈಯಲ್ಲಿ, ಇನ್ನೊಂದು ತುದಿ ಇನ್ನೊಬ್ಬರ ಕೈಯಲ್ಲಿ. ಒಬ್ಬರು ತಂತಿ ಮುಟ್ಟಿದ ನಂಬರ್ ಕೂಗುತ್ತಾರೆ. "ಹತ್ತು... ಹತ್ತೂವರೆ... ಹನ್ನೊಂದು." ಇನ್ನೊಬ್ಬರು ಅದೇ ಹೊತ್ತಿಗೆ ಅದೇ ನಂಬರಿನಲ್ಲಿರಬೇಕು. ರೆಕ್ಕೆಯ ಬುಡ ಅಗಲ, ತುದಿ ಕಿರಿದು. ಹಾಗಾಗಿ ಒಬ್ಬರು ಬೇಗ ಸಾಗಬೇಕು, ಒಬ್ಬರು ನಿಧಾನ. ಒಬ್ಬರು ಮುಂದೆ ಹೋದರೆ ರೆಕ್ಕೆಯೇ ಕೆಟ್ಟಿತು. ಇಬ್ಬರೂ ಒಂದೇ ಉಸಿರಿನಲ್ಲಿರಬೇಕಾದ ಕೆಲಸ ಇದು. ನೋಡುವುದಕ್ಕೂ ಚೆಂದ. ಒಂದು ಎಚ್ಚರಿಕೆ: ಯುರಿಥೇನ್ ಫೋಮನ್ನು ಮಾತ್ರ ಕಾದ ತಂತಿಯಲ್ಲಿ ಕತ್ತರಿಸಬಾರದು. ಹೊಗೆ ವಿಷ.

ಆಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಕಲಸಿದ ಮೇಲೆ ಗಟ್ಟಿಯಾಗುವ ಎಪಾಕ್ಸಿ ಅನ್ನುವ ಅಂಟು ಬಳಿಯೋದು. ಎಪಾಕ್ಸಿ ಕಲಸಿದ ಮೇಲೆ ಗಡಿಯಾರ ಓಡುತ್ತೆ, ನಿಲ್ಲಿಸೋಕಾಗಲ್ಲ. ಒಂದು ರೆಕ್ಕೆಯ ಚರ್ಮ ಹಾಸುವ ದಿನ ನಾಲ್ಕೈದು ಜನ ಬೇಕು. ಒಬ್ಬರು ಕಲಸಲಿಕ್ಕೆ, ಒಬ್ಬರು ಬಟ್ಟೆ ಹಿಡಿಯಲಿಕ್ಕೆ, ಉಳಿದವರು ಹೆಚ್ಚಾದ ಎಪಾಕ್ಸಿಯನ್ನು ಸವರಿ ತೆಗೆಯಲಿಕ್ಕೆ. ಎಪಾಕ್ಸಿ ಜಾಸ್ತಿ ಉಳಿದರೆ ಬಲ ಬರೋದಿಲ್ಲ, ಭಾರ ಮಾತ್ರ ಬರುತ್ತೆ. ಗರಾಜು ಬೆಚ್ಚಗಿರಬೇಕು. ಇಲ್ಲಿನ ಜನವರಿ ಚಳಿಯಲ್ಲಿ ಅದೇ ಒಂದು ಖರ್ಚು. ಕೆಲವರಿಗೆ ಎಪಾಕ್ಸಿ ಅಲರ್ಜಿ ಶುರುವಾಗಿ ಕೆಲಸವನ್ನೇ ಬಿಡಬೇಕಾಗುತ್ತೆ. ಕೊನೆಯಲ್ಲಿ ತಿಂಗಳುಗಟ್ಟಲೆ ಮರಳು ಕಾಗದದಲ್ಲಿ ಉಜ್ಜೋದು.

ಇನ್ನೊಂದು ಮುಖ್ಯ ವಿಷಯ, ರುಟಾನ್ 1985ರಲ್ಲೇ ಪ್ಲ್ಯಾನ್, ಅಂದರೆ ಕಟ್ಟುವ ನಕ್ಷೆ, ಮಾರುವುದನ್ನು ನಿಲ್ಲಿಸಿದರು. ಹಾಗಾಗಿ ಇವತ್ತು ಲಾಂಗ್-ಈಝಿ ಕಟ್ಟಬೇಕು ಅಂದರೆ ಹಳಬರ ಸಹವಾಸ ಬೇಕೇ ಬೇಕು. ಗೊತ್ತಿರುವವರು ಹತ್ತಿರದಲ್ಲಿದ್ದರೆ ಧೈರ್ಯವಾಗಿ ಹೋಗಿ. ನನ್ನ ಹತ್ತಿರ ಯಾರೂ ಇರಲಿಲ್ಲ.

ಪ್ಲ್ಯಾನ್ ಬಿಟ್ಟು ಬದಲಾವಣೆ ಮಾಡುವ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಲಾಂಗ್-ಈಝಿ ಬಿದ್ದು ತೀರಿಕೊಂಡರು. ಆ ವಿಮಾನ ಅವರು ಕಟ್ಟಿದ್ದಲ್ಲ, ಆಗಷ್ಟೇ ಕೊಂಡದ್ದು. ಪ್ಲ್ಯಾನ್ ಪ್ರಕಾರ ಇಂಧನದ ಟ್ಯಾಂಕ್ ಬದಲಿಸುವ ಹಿಡಿ ಪೈಲಟ್‌ನ ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದವರು ಅದನ್ನು ಎಡ ಭುಜದ ಹಿಂದೆ ಇಟ್ಟಿದ್ದರು. ಹಾರುತ್ತಾ ಹಿಂದೆ ತಿರುಗಿ ಅದನ್ನು ಹಿಡಿಯೋದು ಬಹಳ ಕಷ್ಟ. ನಾನು ಏನಾದರೂ "ಸುಧಾರಣೆ" ಮಾಡಬೇಕು ಅನ್ನಿಸಿದಾಗಲೆಲ್ಲ ಆ ಹಿಡಿ ಕಣ್ಣ ಮುಂದೆ ಬರುತ್ತೆ. ಮಾಡುವ ಮುಂಚೆ ಇನ್ನೊಬ್ಬರಿಗೆ ತೋರಿಸ್ತೀನಿ.

ಕೊಳವೆ ಮತ್ತು ಬಟ್ಟೆ, ಮರ

ಐಡಹೋದ ಕಿಟ್‌ಫಾಕ್ಸ್ ಈ ಗುಂಪಿನ ಪ್ರಸಿದ್ಧ ಹೆಸರು. ಉಕ್ಕಿನ ಕೊಳವೆಯ ಒಡಲು ಬೆಸುಗೆಯಾಗಿಯೇ ಬರುತ್ತೆ. ಅದರ ಮೇಲೆ ಪಾಲಿಯೆಸ್ಟರ್ ಬಟ್ಟೆ ಅಂಟಿಸಿ ಇಸ್ತ್ರಿ ಪೆಟ್ಟಿಗೆಯಿಂದ ಬಿಗಿ ಮಾಡಬೇಕು. ಮೊದಲು 250 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ 300, ಕೊನೆಗೆ 350. ಸಡಿಲವಾಗಿ ಸುಕ್ಕುಸುಕ್ಕಾಗಿದ್ದ ಬಟ್ಟೆ ಕಣ್ಣೆದುರೇ ಮದ್ದಲೆಯ ಹಾಗೆ ಬಿಗಿದುಕೊಳ್ಳುತ್ತೆ. ಬೆರಳಲ್ಲಿ ತಟ್ಟಿದರೆ ಡುಂ ಅನ್ನುತ್ತೆ. ಇಸ್ತ್ರಿ ಪೆಟ್ಟಿಗೆಯ ಬಿಸಿಯನ್ನು ಥರ್ಮಾಮೀಟರ್ ಇಟ್ಟು ಅಳೆಯಲೇಬೇಕು, ಅದರ ಗುಂಡಿಯ ಮೇಲಿನ ಗುರುತು ನಂಬಬೇಡಿ. ತೀರಾ ಜಾಸ್ತಿಯಾದರೆ ಬಟ್ಟೆ ಮತ್ತೆ ಸಡಿಲ ಆಗಿಬಿಡುತ್ತೆ.

ಕಿಟ್‌ಫಾಕ್ಸ್‌ನ ರೆಕ್ಕೆ ಹಿಂದಕ್ಕೆ ಮಡಚಬಹುದು. ಟ್ರೇಲರ್ ಮೇಲೆ ಹೇರಿ ಮನೆಗೆ ತಂದರೆ ಹ್ಯಾಂಗರ್ ಬಾಡಿಗೆ ಉಳಿಯಿತು. ಹೊಲಿಗೆ, ಬಟ್ಟೆ ಕೆಲಸ ಗೊತ್ತಿರುವವರು ಮನೆಯಲ್ಲಿದ್ದರೆ ಇದರಲ್ಲಿ ಅವರೂ ಮನಸ್ಸಿಟ್ಟು ಸೇರುತ್ತಾರೆ. ಮನೆಮಂದಿಯೆಲ್ಲ ಸೇರಿ ಕಟ್ಟುವುದಾದರೆ ನನ್ನ ಮೊದಲ ಸಲಹೆ ಇದೇ.

ಮರದ ಬಗ್ಗೆ ಹೆಚ್ಚು ಹೇಳೋದಿಲ್ಲ, ನಾನು ಮಾಡಿಲ್ಲ. ಬರ್ನಾರ್ಡ್ ಪೀಟೆನ್‌ಪೋಲ್ 1929ರಲ್ಲಿ ಮಿನೆಸೋಟದಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಕೂರಿಸಿ ಹಾರಿಸಿದ ಏರ್ ಕ್ಯಾಂಪರನ್ನು ಇವತ್ತಿಗೂ ಪ್ಲ್ಯಾನ್ ನೋಡಿ ಕಟ್ಟುವವರಿದ್ದಾರೆ. ದುಡ್ಡು ಕಡಿಮೆ, ತಾಳ್ಮೆ ಜಾಸ್ತಿ ಬೇಕು.

ದುಡ್ಡಿನ ವಿಷಯ

ಹೊಸಬರು ಕಿಟ್ ಬೆಲೆ ನೋಡಿ ಲೆಕ್ಕ ಹಾಕುತ್ತಾರೆ. ಎಂಜಿನ್, ಪ್ರೊಪೆಲ್ಲರ್, ಮೀಟರುಗಳು, ರೇಡಿಯೋ, ಬಣ್ಣ ಎಲ್ಲ ಸೇರಿದರೆ ಅದು ಸಾಮಾನ್ಯವಾಗಿ ಕಿಟ್‌ಗಿಂತ ಜಾಸ್ತಿಯೇ ಆಗುತ್ತೆ. ಎಂಜಿನ್ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟೇ. ಆ ವಿಮಾನಕ್ಕೆ ಕಂಪನಿ ಯಾವುದನ್ನು ಹೇಳಿದೆಯೋ ಅದನ್ನೇ ಹಾಕಿ. ಲೈಕಮಿಂಗ್ ಆದರೆ ಲೈಕಮಿಂಗ್, ರೋಟಾಕ್ಸ್ ಆದರೆ ರೋಟಾಕ್ಸ್.

ಇಡೀ ವಿಮಾನವನ್ನು ಒಂದೇ ಸಲ ಕೊಳ್ಳಬೇಡಿ. ಬಾಲ, ಆಮೇಲೆ ರೆಕ್ಕೆ, ಆಮೇಲೆ ಒಡಲು ಅಂತ ಭಾಗ ಭಾಗವಾಗಿ ತರಿಸಿ. 1970ರ ದಶಕದಲ್ಲಿ ಬೀಡಿ (Bede) ಅನ್ನುವ ವಿಮಾನ ಕಂಪನಿಯ ಬಿಡಿ-5 ಅನ್ನುವ ಪುಟ್ಟ ವಿಮಾನಕ್ಕೆ ಸಾವಿರಾರು ಜನ ದುಡ್ಡು ಕಟ್ಟಿದ್ದರು. ಕಂಪನಿ ಮುಳುಗಿತು, ಎಷ್ಟೋ ಜನರ ಕೈಯಲ್ಲಿ ಎಂಜಿನ್ ಇಲ್ಲದ ಅರ್ಧ ಕಿಟ್ ಉಳಿಯಿತು. ವ್ಯಾನ್ಸ್ ಕೂಡ 2023ರ ಡಿಸೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತ್ತು. 2024ರಲ್ಲಿ ಅದರಿಂದ ಹೊರಗೆ ಬಂದು ಕೆಲಸ ಮುಂದುವರಿಸಿತು, ಆದರೆ ಬೆಲೆ ಏರಿತು. ಆ ಚಳಿಗಾಲ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಚಿಂತೆ. ತಮ್ಮಲ್ಲಿ ಹೆಚ್ಚಿದ್ದ ಬಿಡಿಭಾಗಗಳನ್ನು ಜನ ಒಬ್ಬರಿಗೊಬ್ಬರು ಕೊಟ್ಟುಕೊಂಡರು.

ಬೇರೆಯವರು ಅರ್ಧಕ್ಕೆ ಬಿಟ್ಟ ವಿಮಾನ ಕೊಳ್ಳೋದೂ ಒಂದು ದಾರಿ. ಅಗ್ಗ. ಆದರೆ ಕೆಲಸದ ದಿನಚರಿ, ಫೋಟೋಗಳು ಇಲ್ಲದಿದ್ದರೆ ಮುಟ್ಟಬೇಡಿ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳು ಮಾಡಿದ್ದಾರೆ ಅನ್ನೋದಕ್ಕೆ ಸಾಕ್ಷಿ ಅದೇ. ಪೂರ್ತಿ ಕಟ್ಟಿ ಹಾರುತ್ತಿರುವುದನ್ನು ಕೊಂಡರೆ ನಾಳೆಯೇ ಹಾರಬಹುದು, ಆದರೆ ರಿಪೇರ್‌ಮನ್ ಸರ್ಟಿಫಿಕೇಟ್ ನಿಮಗೆ ಬರೋದಿಲ್ಲ. ವರ್ಷದ ಇನ್‌ಸ್ಪೆಕ್ಷನ್‌ಗೆ ಸಾಮಾನ್ಯವಾಗಿ ಲೈಸೆನ್ಸ್ ಇರುವ ಮೆಕ್ಯಾನಿಕ್ ಬೇಕು.

ಒಂಟಿಯೋ, ಪಾಲುದಾರಿಕೆಯೋ, ಚಾಪ್ಟರೋ

ಎಲ್ಲಕ್ಕಿಂತ ದೊಡ್ಡ ಆಯ್ಕೆ ನನ್ನ ಪ್ರಕಾರ ಇದು.

1953ರಲ್ಲಿ ಪಾಲ್ ಪೋಬೆರೆಝ್ನಿ ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ ಹವ್ಯಾಸಿ ವಿಮಾನ ಕಟ್ಟುವವರ ಒಂದು ಸಂಘ ಶುರು ಮಾಡಿದರು. ಅದೇ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಇಎಎ. ಇವತ್ತು ಊರೂರಲ್ಲಿ ಅದರ ಚಾಪ್ಟರ್‌ಗಳು, ಅಂದರೆ ಶಾಖೆಗಳು ಇವೆ. 1970ರಿಂದ ಹೆಚ್ಚುಕಮ್ಮಿ ಪ್ರತಿ ವರ್ಷ ಜುಲೈ ಕೊನೆಯ ಹೊತ್ತಿಗೆ ವಿಸ್ಕಾನ್ಸಿನ್‌ನ ಆಶ್‌ಕಾಶ್ ಊರಿನಲ್ಲಿ ಇವರ ವಿಮಾನ ಜಾತ್ರೆ. ಆ ವಾರ ಅಲ್ಲಿನ ಕಂಟ್ರೋಲ್ ಟವರ್ ಜಗತ್ತಿನಲ್ಲೇ ಅತಿ ಹೆಚ್ಚು ಕೆಲಸ ಮಾಡುವ ಟವರ್. ಜನ ತಮ್ಮ ವಿಮಾನದ ರೆಕ್ಕೆ ಕೆಳಗೇ ಡೇರೆ ಹಾಕಿ ಮಲಗುತ್ತಾರೆ. ಅಲ್ಲಿ ರಿವೆಟ್, ಬಟ್ಟೆ, ಎಪಾಕ್ಸಿ, ಮರ ಎಲ್ಲವನ್ನೂ ನಿಮ್ಮ ಕೈಯಿಂದಲೇ ಮಾಡಿ ನೋಡಬಹುದು. ಯಾವುದನ್ನು ಕಟ್ಟಲಿ ಅಂತ ತೀರ್ಮಾನ ಆಗದವರು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. 2014ರಲ್ಲಿ ಅಲ್ಲಿಗೆ ಬಂದ ಜನರೇ ಕೈಹಾಕಿ ಒಂದು ವಾರದಲ್ಲಿ ಝೆನಿತ್ ಕಟ್ಟಿ ಮುಗಿಸಿದ್ದರು. 2018ರಲ್ಲಿ ಒಂದು ಆರ್‌ವಿ-12.

ಚಾಪ್ಟರಿನಲ್ಲಿ ಟೆಕ್ನಿಕಲ್ ಕೌನ್ಸಿಲರ್ ಅಂತ ಅನುಭವಸ್ಥರು ಇರುತ್ತಾರೆ. ಕರೆದರೆ ಪುಕ್ಕಟೆಯಾಗಿ ಬಂದು ಕೆಲಸ ನೋಡಿ ಹೇಳುತ್ತಾರೆ. ನನ್ನ ವಿಮಾನದ ಬಾಲದ ಕೆಲಸ ನೋಡಲು ಬಂದವರಿಗೆ ಎಪ್ಪತ್ತು ದಾಟಿತ್ತು. ಟಾರ್ಚ್ ಹಿಡಿದು ಒಳಗೆ ಬೆರಳಾಡಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. "ಇವು ಪಕ್ಕಕ್ಕೆ ವಾಲಿವೆ" ಅಂದರು. ಹದಿನಾರು ರಿವೆಟ್. ನನಗೆ ಮುಖ ಬಾಡಿತು. ಅವರು ಕೋಟು ಕಳಚಿ ಮೊಳೆಗೆ ನೇತುಹಾಕಿ, ಡ್ರಿಲ್ ಎಲ್ಲಿದೆ ಅಂತ ಕೇಳಿದರು. ತಲೆ ಕೊರೆದು, ಬಾಲ ತಳ್ಳಿ, ತೂತು ದೊಡ್ಡದಾಗದ ಹಾಗೆ ಹಳೆ ರಿವೆಟ್ ತೆಗೆಯೋದು ಹೇಗೆ ಅಂತ ಅವತ್ತು ಕಲಿತೆ. ರಾತ್ರಿ ಒಂಬತ್ತಾಯಿತು. ನಮ್ಮ ಮನೆಯಲ್ಲೇ ಚಿತ್ರಾನ್ನ ತಿಂದು ಹೋದರು. ಅವರ ಹ್ಯಾಂಗರಿಗೆ ಹೋಗಿ ಬಕಿಂಗ್ ಬಾರ್ ಹಿಡಿದದ್ದು ಅದಕ್ಕೂ ಮುಂಚೆ, ಇನ್ನೂ ಹಿಡಿಯುತ್ತಲೇ ಇದ್ದೀನಿ.

ಇಬ್ಬರ ಪಾಲುದಾರಿಕೆಯಲ್ಲಿ ಖರ್ಚು ಅರ್ಧ, ಬೇಸರವೂ ಅರ್ಧ. ಆದರೆ ಒಬ್ಬರಿಗೆ ಬೇರೆ ಊರಿಗೆ ಕೆಲಸ ಸಿಕ್ಕರೆ? ಬಿಟ್ಟುಹೋಗುವವರ ಪಾಲಿಗೆ ಬೆಲೆ ಹೇಗೆ ಅಂತ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸ್ನೇಹ ಉಳಿಯಬೇಕು ಅಂದರೆ ಆ ಕಾಗದ ಬೇಕು.

ಮೊದಲ ಹಾರಾಟದ ಹೊತ್ತಿಗೂ ಜೊತೆಗಾರರು ಬೇಕು. ಕಟ್ಟಿ ಮುಗಿದ ಮೇಲೆ, ಎಂಜಿನ್ ಮತ್ತು ಪ್ರೊಪೆಲ್ಲರ್ ಸರ್ಟಿಫೈ ಆದ ಜೋಡಿಯಾದರೆ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಪರೀಕ್ಷೆಯ ಹಾರಾಟ. ಆಗ ಯಾರನ್ನೂ ಸುಮ್ನೆ ಕೂರಿಸಿಕೊಂಡು ಹೋಗುವ ಹಾಗಿಲ್ಲ. 2014ರಿಂದ ಅನುಭವ ಇರುವ ಇನ್ನೊಬ್ಬ ಪೈಲಟ್ ಜೊತೆಗೆ ಕೂರಲು ದಾರಿ ಮಾಡಿಕೊಟ್ಟಿದ್ದಾರೆ, ಅದಕ್ಕೆ ಅದರದೇ ಷರತ್ತುಗಳಿವೆ. ನಿಮ್ಮ ಥರದ್ದೇ ವಿಮಾನ ಹಾರಿಸಿದವರು ಚಾಪ್ಟರಿನಲ್ಲಿ ಇದ್ದರೆ ಇದು ದೊಡ್ಡ ಬಲ.

ಊರಿನಿಂದ ಕೇಳುವವರಿಗೆ

ಬ್ರಿಟನ್‌ನಲ್ಲಿ ಇರುವವರಿಗೆ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಇದೆ. ಅಲ್ಲಿ ಅವರ ಇನ್‌ಸ್ಪೆಕ್ಟರ್ ಹಂತ ಹಂತವಾಗಿ ನೋಡಿ ಸಹಿ ಹಾಕಬೇಕು. ಕೇರಳ ಮೂಲದ ಎಂಜಿನಿಯರ್ ಒಬ್ಬರು ಲಾಕ್‌ಡೌನ್ ಕಾಲದಲ್ಲಿ ಅಲ್ಲಿ ತಮ್ಮ ಮನೆಯಂಗಳದ ಶೆಡ್‌ನಲ್ಲಿ ದಕ್ಷಿಣ ಆಫ್ರಿಕಾದ ಸ್ಲಿಂಗ್ ಕಿಟ್ ತರಿಸಿ ನಾಲ್ಕು ಸೀಟಿನ ವಿಮಾನ ಕಟ್ಟಿ, 2022ರಲ್ಲಿ ಹಾರಿಸಿದರು.

ಭಾರತದಲ್ಲಿ ದಾರಿ ಕಷ್ಟದ್ದು. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಕಟ್ಟಿದ ವಿಮಾನಕ್ಕೆ ಡಿಜಿಸಿಎ (ಭಾರತದ ನಾಗರಿಕ ವಿಮಾನಯಾನದ ಸರ್ಕಾರಿ ಸಂಸ್ಥೆ) ರಿಜಿಸ್ಟ್ರೇಷನ್ ಸಿಕ್ಕಿದ್ದು ವರ್ಷಗಟ್ಟಲೆ ಓಡಾಡಿದ ಮೇಲೆ, 2017ರಲ್ಲಿ. ಕಟ್ಟುವ ಮುಂಚೆಯೇ ಡಿಜಿಸಿಎ ಜೊತೆ ಮಾತಾಡಿ. ಹಾಗಂತ ನಮ್ಮಲ್ಲಿ ಕೈಗುಣ ಇಲ್ಲ ಅಂತ ಅಲ್ಲ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಕಿಟ್‌ಗಳು ಯುರೋಪ್, ಅಮೆರಿಕಕ್ಕೆ ಹೋಗಿವೆ. ಕೊಳವೆ ಮತ್ತು ಬಟ್ಟೆಯ ವಿಮಾನ. ನಮ್ಮ ಊರಿನಲ್ಲಿ ಮಾಡಿದ್ದನ್ನು ಇಲ್ಲಿಯ ಜನ ತಮ್ಮ ಗರಾಜಿನಲ್ಲಿ ಜೋಡಿಸಿದ್ದಾರೆ ಅಂದರೆ ನನಗೆ ತುಂಬಾ ಖುಷಿ.

ಕೊನೆಗೆ ನಾನು ಆರಿಸಿದ್ದು ಆರ್‌ವಿ-9ಎ. ಲಾಂಗ್-ಈಝಿ ಈಗಲೂ ನನ್ನ ಕಣ್ಣಿಗೆ ಅದಕ್ಕಿಂತ ಚೆಂದ. ಆದರೆ ನಮ್ಮ ಏರ್‌ಪೋರ್ಟ್‌ನಲ್ಲಿ ಮೂರು ಆರ್‌ವಿ ಇವೆ, ನಾಲ್ಕನೆಯದನ್ನು ಕಟ್ಟುತ್ತಿದ್ದಾರೆ, ಮತ್ತು ಆ ನಾಲ್ಕೂ ಮನೆಯವರ ಫೋನ್ ನಂಬರ್ ನನ್ನ ಗರಾಜಿನ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿದೆ. ಎಡ ರೆಕ್ಕೆಯ ಕೆಳಗಿನ ಚರ್ಮ ಈ ಶನಿವಾರ ಮುಚ್ಚಬೇಕು. ಒಳಗೆ ಕೈ ತೂರಿಸಲು ಜಾಗ ಕಡಿಮೆ, ಸಣ್ಣ ಕೈಯವರೇ ಬೇಕು. ಎರಡನೇ ಮನೆಯವರ ಮಗಳು ಬರ್ತೀನಿ ಅಂದಿದ್ದಾಳೆ.